ತಡ್ಪೆಯ ಅಳತೆಯ ಕಂಪ್ಯೂಟರು

ಬೆಳುವಾಯಿಯ ಕುಸುಮ ಮೂಡಬಿದಿರೆಯ ಕಂಪ್ಯೂಟರ್ ಅಂಗಡಿಗೆ ಹೊರಟದ್ದು ಕಂಕುಳಲ್ಲಿ ಬೀಡಿಯ ತಡ್ಪೆ ಇಟ್ಟುಕೊಂಡು. ತಡ್ಪೆಯೆಂದರೆ ಬೀಡಿ ಕಟ್ಟುವ ಹೆಂಗಸರು ಮಡಿಲಲ್ಲಿ ಇಟ್ಟುಕೊಳ್ಳುವ ಮೊರದಂಥ ಗೆರಸೆ. ಎಲೆ, ಹೊಗೆಸೊಪ್ಪು, ನೂಲು, ಕತ್ತರಿ ಎಲ್ಲದರ ಸಂಸಾರವೂ ಅದರೊಳಗೇ. ಬಸ್ಸಿನ ಕಂಡಕ್ಟರ್ ನಗುತ್ತಾ, "ಇದಕ್ಕೆ ಅರ್ಧ ಟಿಕೇಟು ಮಾಡ್ಬೇಕಾ ಅಕ್ಕ?" ಎಂದು ಕೇಳಿದ.

"ಅದಕ್ಕಿನ್ನೂ ಐದು ವರ್ಷ ಆಗ್ಲಿಲ್ಲ," ಎಂದಳು ಕುಸುಮ, ನಗು ತೋರದೆ.

ಇದು ಎರಡು ಸಾವಿರದ ಒಂಬತ್ತನೆಯ ಇಸವಿಯ ಮಾರ್ಚ್ ತಿಂಗಳ ಮಾತು. ಅವಳಿಗೆ ಆಗ ಮೂವತ್ತೆಂಟು ವರ್ಷ. ಹನ್ನೆರಡರಲ್ಲಿ ಬೀಡಿ ಹಿಡಿದ ಕೈ. ಆ ಬೆರಳುಗಳ ಓಟ ಎಂಥದ್ದೆಂದರೆ, ಒಮ್ಮೆ ಜ್ವರ ಬಂದು ಮಲಗಿದ್ದವಳು ಎದ್ದು ನೋಡುವಾಗ ಹೊದಿಕೆಯ ಅಂಚು ಪೂರ್ತಿ ಸುರುಳಿ ಸುರುಳಿಯಾಗಿ, ಇಪ್ಪತ್ತೈದು ಇಪ್ಪತ್ತೈದರ ಕಟ್ಟಾಗಿ, ನೂಲು ಸಮೇತ ತಯಾರಾಗಿತ್ತಂತೆ. ನಂಬದವರು ಆ ಹೊದಿಕೆಯನ್ನೇ ಕೇಳಬಹುದು. ಮದುವೆ ಯಾಕೆ ಆಗಲಿಲ್ಲ ಎಂಬುದಕ್ಕೆ ಊರಿನಲ್ಲಿ ಏಳು ಕಥೆಗಳಿವೆ. ಅದರಲ್ಲಿ ಒಳ್ಳೆಯದು ಇದು: ನೋಡಲು ಬಂದ ಗಂಡು ತಡ್ಪೆಯಿಂದ ಒಂದು ಬೀಡಿ ಎತ್ತಿ ಹಚ್ಚಿಕೊಂಡ. ಕುಸುಮ ತಲೆಯೆತ್ತದೆ, "ಕಟ್ಟಿಗೆ ಒಂದು ಕಡಿಮೆ ಬಿತ್ತು. ಕೂತು ಕಟ್ಟಿಕೊಟ್ಟು ಹೋಗಿ," ಎಂದಳು. ಅವನು ಕೂತು ಕಟ್ಟಿದ. ಸಂಜೆಯಾದರೂ ಆ ಒಂದು ಬೀಡಿ ಮುಗಿಯಲಿಲ್ಲ. ಇವತ್ತಿಗೂ ಅವನು ಬೀಡಿ ಅಂಗಡಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾನಂತೆ.

ಅವಳ ಆಸೆ ಬೇರೆ ಇತ್ತು. ತೊಂಬತ್ತೆರಡರಲ್ಲಿ, ಬೀಡಿಯ ದುಡ್ಡಿನಲ್ಲೇ ಮೂಡಬಿದಿರೆಯ ಟೈಪಿಂಗ್ ಕ್ಲಾಸಿಗೆ ಸೇರಿ ಕನ್ನಡ ಜೂನಿಯರ್, ಸೀನಿಯರ್ ಎರಡನ್ನೂ ಪಾಸು ಮಾಡಿದಳು. ಅವಳು ಹೊಡೆಯುವಾಗ ಟೈಪ್‌ರೈಟರಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು, ಮೇಷ್ಟ್ರು ಬದಿಯಲ್ಲಿ ಒಂದು ಚೆಂಬು ನೀರು ಇಟ್ಟುಕೊಂಡೇ ಕೂರುತ್ತಿದ್ದರು. ಆದರೆ ಒಂದು ಆಫೀಸಿನಲ್ಲಿ ಕೆಲಸ ಕೇಳಲು ಹೋದಾಗ ಅಲ್ಲಿನ ದೊಡ್ಡ ಗುಮಾಸ್ತರು ಸರ್ಟಿಫಿಕೇಟು ನೋಡುವ ಬದಲು ಅವಳ ಬೆರಳು ನೋಡಿದರು. ಹೊಗೆಸೊಪ್ಪಿನ ಕಂದು ಬಣ್ಣ ಉಗುರಿನ ತನಕ ಹತ್ತಿತ್ತು.

"ಬೀಡಿ ಕಟ್ತೀಯಾ?"

"ಹೌದು."

"ಹಾಗಾದ್ರೆ ಅದನ್ನೇ ಮಾಡಿಕೊಂಡಿರು ಮಾರಾಯ್ತಿ."

ಆ ದಿನ ಅವಳು ಮನೆಗೆ ಬಂದು ಕೈ ತೊಳೆಯಲಿಲ್ಲ. ಅಲ್ಲಿಂದ ಮುಂದೆ ಯಾರ ಎದುರೂ ಬೆರಳು ಮುಚ್ಚಿಟ್ಟುಕೊಳ್ಳಲಿಲ್ಲ. ಬೀಡಿಯನ್ನೂ ಬಿಡಲಿಲ್ಲ, ಟೈಪನ್ನೂ ಬಿಡಲಿಲ್ಲ. ಮೂಡಬಿದಿರೆಯಲ್ಲಿ ಪ್ರೆಸ್ ಇಟ್ಟಿದ್ದ ನಿತ್ಯಾನಂದರ ಬಳಿ ಕಂಪ್ಯೂಟರ್ ಬಂದ ಮೇಲೆ, ಅಲ್ಲಿನ ಆಪರೇಟರ್ ರಜೆ ಹಾಕಿದಾಗಲೆಲ್ಲ ಹೋಗಿ ಮದುವೆ ಕಾಗದ, ಉತ್ತರಕ್ರಿಯೆಯ ಬೊಜ್ಜದ ಕಾಗದ ಹೊಡೆದುಕೊಟ್ಟು ಬರುತ್ತಿದ್ದಳು.

ಆ ಆಪರೇಟರ್ ಒಂದು ದಿನ ಕೆಲಸ ಬಿಟ್ಟ. ಅದೇ ವಾರ ಅಳದಂಗಡಿಯಿಂದ ಎಂಬತ್ತನಾಲ್ಕು ವರ್ಷದ ಒಬ್ಬರು ನಿವೃತ್ತ ಮಾಸ್ಟ್ರು ಮುನ್ನೂರ ಹನ್ನೆರಡು ಪುಟದ ಕಟ್ಟು ತಂದು ಪ್ರೆಸ್ಸಿನ ಮೇಜಿನ ಮೇಲೆ ಇಟ್ಟರು. ನಲವತ್ತು ವರ್ಷ ಬೇಲಿ ಗುಡ್ಡೆ ಅಲೆದು ಗಿಡಮದ್ದಿನ ಬಗ್ಗೆ ಬರೆದದ್ದು. ಅಕ್ಷರ ಎಂದರೆ ಇರುವೆಗಳು ಮಸಿಯ ದೌತಿಯಲ್ಲಿ ಸ್ನಾನ ಮಾಡಿ ಬೆನ್ನು ಒಣಗಿಸಲು ಹೊರಟ ಹಾಗೆ. ಮಾಸ್ಟ್ರ ಬೇಡಿಕೆ ಒಂದೇ: ಪುಸ್ತಕ ಆಮೇಲೆ ಅಚ್ಚಾಗಲಿ, ಆದರೆ ಟೈಪಾದ ಒಂದು ಪ್ರತಿ ಈ ಸಲದ ಬಿಸು ಹಬ್ಬ, ಅಂದರೆ ತುಳುವರ ಹೊಸ ವರ್ಷದ ಬೆಳಿಗ್ಗೆ, ಎದ್ದೊಡನೆ ನೋಡುವ ತಮ್ಮ ಮನೆಯ ಕಣಿಯಲ್ಲಿ, ತೆಂಗಿನಕಾಯಿ, ಸೌತೆಕಾಯಿಯ ಬದಿಯಲ್ಲಿ ಇರಬೇಕು.

ನಿತ್ಯಾನಂದರು ಕುಸುಮಳನ್ನು ಕರೆಸಿದರು. "ಬಿಸುವಿಗೆ ನಲವತ್ತು ದಿನ ಉಂಟು. ಮುಂಚಿನ ದಿನ ಸಂಜೆಯೊಳಗೆ ನನ್ನ ಕೈಗೆ ಬಂದ್ರೆ ಇನ್ನು ಮುಂದೆ ಪ್ರೆಸ್ಸಿನ ಟೈಪಿಂಗ್ ಪೂರ್ತಿ ನಿನಗೇ. ಬಾರದಿದ್ರೆ ಮಂಗಳೂರಿಗೆ ಕಳಿಸ್ತೇನೆ, ಮತ್ತೆ ನನ್ನ ಹತ್ರ ಬೇಜಾರು ಮಾಡ್ಬಾರ್ದು."

"ನಿಮ್ಮ ಪ್ರೆಸ್ಸಿನಲ್ಲಿ ಕರೆಂಟೇ ಇಲ್ವಲ್ಲ ಅಣ್ಣ?"

"ಅದು ನಿನ್ನ ತಲೆಬಿಸಿ."

ಆ ವರ್ಷದ ಕರೆಂಟಿನ ಕಥೆ ಹೇಳಿ ಪ್ರಯೋಜನವಿಲ್ಲ. ಹೋದ ಕರೆಂಟು ಎಷ್ಟು ಹೊತ್ತಿಗೆ ಬರುತ್ತಿತ್ತೆಂದರೆ, ಅಷ್ಟರಲ್ಲಿ ಬಲ್ಬಿನೊಳಗೆ ಸಂಸಾರ ಹೂಡಿದ ಜೇಡನಿಗೆ ಮೊಮ್ಮಕ್ಕಳಾಗಿರುತ್ತಿದ್ದರು. ಅದು ಸಾಲದೆಂದು ಬೀಡಿ ಬ್ರಾಂಚಿನ ಹುಕ್ರಪ್ಪನ ಕಾಟ. ಹೆಂಗಸರಿಗೆ ಎಲೆ, ಸೊಪ್ಪು ಕೊಟ್ಟು, ಕಟ್ಟಿದ ಬೀಡಿ ಪರೀಕ್ಷೆ ಮಾಡಿ ತೆಗೆದುಕೊಳ್ಳುವವನು ಅವನೇ. ಕುಸುಮ ಪ್ರೆಸ್ಸಿಗೆ ಹೋಗುವ ಸುದ್ದಿ ಕೇಳಿ ಅವನು ಅವಳ ಬೀಡಿ ಎತ್ತಿ ಬೆಳಕಿಗೆ ಹಿಡಿದ.

"ವಾರಕ್ಕೆ ಮೂರು ಸಲ ಬೀಡಿ ಬರ್ಬೇಕು. ತಪ್ಪಿದ್ರೆ ಕಾರ್ಡು ಇಲ್ಲಿ ಇಟ್ಟು ಹೋಗು. ಒಂದೋ ಬೀಡಿ, ಒಂದೋ ಟೈಪು. ಎರಡು ದೋಣಿಗೆ ನಿನ್ನ ಕಾಲು ಅಷ್ಟು ಉದ್ದ ಉಂಟಾ?"

"ಕಾಲು ಉಂಟಾ ಇಲ್ವಾ ನಾನು ನೋಡಿಕೊಳ್ತೇನೆ ಹುಕ್ರಪ್ಪಣ್ಣ. ನೀವು ಬೀಡಿ ನೋಡಿ."

ಕಾರ್ಡೆಂದರೆ ಸುಮ್ಮನೆ ಕಾಗದವಲ್ಲ. ಇಪ್ಪತ್ತು ವರ್ಷದ ಪಿ.ಎಫ್., ಮುಂದಿನ ಪಿಂಚಣಿ ಎಲ್ಲ ಅದರಲ್ಲೇ. ಅದನ್ನು ಬಿಡುವ ಹಾಗಿಲ್ಲ. ಟೈಪನ್ನು ಬಿಡುವ ಮನಸ್ಸಿಲ್ಲ. ಹಾಗಾದರೆ ಎರಡೂ ಒಂದೇ ಚಾಪೆಯ ಮೇಲೆ, ಒಂದೇ ಮಡಿಲಲ್ಲಿ ಆಗಬೇಕು ಎಂದು ಕುಸುಮ ತೀರ್ಮಾನಿಸಿದಳು. ಅಮ್ಮ ನೀಲಾವತಿ ಚಿನ್ನದ ಸರಕ್ಕೆಂದು ಕಣ್ಣಿಟ್ಟಿದ್ದ ಬೋನಸ್ಸಿನ ಹಣವನ್ನು ಪೋಸ್ಟಾಫೀಸಿನಿಂದ ತೆಗೆದಳು. ತಡ್ಪೆ ಹಿಡಿದು ಬಸ್ಸು ಹತ್ತಿದಳು.

ಅಂಗಡಿ ಅಬ್ದುಲ್ ವಹಾಬರದ್ದು. ವಿಟ್ಲದ ಕಡೆಯವರು, ಸೌದಿಯ ದಮ್ಮಾಮಿನಲ್ಲಿ ಹನ್ನೊಂದು ವರ್ಷ ದುಡಿದು ಬಂದವರು.

"ಬನ್ನಿ ಕುಸುಮಕ್ಕ. ತಡ್ಪೆ ರಿಪೇರಿ ಇಲ್ಲಿ ಮಾಡುದಿಲ್ಲ."

"ರಿಪೇರಿಗಲ್ಲ ಸಾಹೇಬ್ರೆ. ಇದ್ರೊಳಗೆ ಕೂರುವ ಕಂಪ್ಯೂಟರ್ ಬೇಕು."

ವಹಾಬರು ಒಂದು ಕ್ಷಣ ತಡ್ಪೆಯನ್ನೂ ಅವಳ ಮುಖವನ್ನೂ ನೋಡಿದರು. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ಮೊದಲು ದೊಡ್ಡದೊಂದು ಲ್ಯಾಪ್‌ಟಾಪ್ ತೆಗೆದಿಟ್ಟರು. ತೊಟ್ಟಿಲಲ್ಲಿ ಪೊಲೀಸನನ್ನು ಮಲಗಿಸಿದ ಹಾಗೆ ಅದರ ಎರಡೂ ಬದಿ ಹೊರಗೆ ಚಾಚಿತು. ಕುಸುಮ ಎಲೆಯ ಕಟ್ಟು ತೂಗುವಂತೆ ಅದನ್ನು ಕೈಯಲ್ಲಿ ಎತ್ತಿ ನೋಡಿದಳು. "ಮೂರು ಕಿಲೋ ಉಂಟು. ಇದನ್ನು ಮಡಿಲಲ್ಲಿ ಇಟ್ರೆ ಸಂಜೆಗೆ ನನ್ನ ಕಾಲು ಯಾರದ್ದು ಅಂತ ಕೇಳ್ಬೇಕಾದೀತು." ಎರಡನೆಯದು ಏಳಿಂಚಿನದು, ಅಂಗೈಯಗಲ. ಕೀಗಳು ಕೊತ್ತಂಬರಿ ಕಾಳಿನಷ್ಟು. ಅವಳ ಬೆರಳಿಗೆ ಅದೂ ಕಷ್ಟವಾಗಲಿಲ್ಲ, ಆದರೆ ಬರೆದ ಸಾಲಿನ ತಲೆ ಕಂಡರೆ ಬಾಲ ಕಾಣುತ್ತಿರಲಿಲ್ಲ. ಮೂರನೆಯದು ಹತ್ತಿಂಚಿನದು, ಕಪ್ಪು ಬಣ್ಣ, ಕಿಲೋಗಿಂತ ಸ್ವಲ್ಪ ಹೆಚ್ಚು. ಹದಿನೈದು ಸಾವಿರದ ಚಿಲ್ಲರೆ. ತಡ್ಪೆಯೊಳಗೆ ಇಟ್ಟಾಗ ಅಲ್ಲೇ ಹುಟ್ಟಿ ಬೆಳೆದದ್ದರಂತೆ ಕೂತಿತು.

ವಹಾಬರು ಪ್ರಾಮಾಣಿಕ ಮನುಷ್ಯ. "ಮುಂಚೆಯೇ ಹೇಳ್ತೇನೆ ಅಕ್ಕ, ಇದ್ರಲ್ಲಿ ಸಿಡಿ ಹಾಕ್ಲಿಕ್ಕೆ ಜಾಗ ಇಲ್ಲ."

"ನನ್ನ ಮನೆಯಲ್ಲಿ ಸಿಡಿಯೂ ಇಲ್ಲ."

"ದೊಡ್ಡ ಗೇಮು ಓಡುದಿಲ್ಲ. ಸಿನೆಮಾ ಹಾಕಿದ್ರೆ ಮಧ್ಯದಲ್ಲಿ ಸಿಕ್ಕಿ ಬೀಳ್ತದೆ."

"ಅಕ್ಷರ ಸಿಕ್ಕಿ ಬೀಳ್ತದಾ?"

"ಅದಿಲ್ಲ."

"ಮತ್ತೆಂತ?"

ಪಕ್ಕದಲ್ಲಿ ಬಿಳಿ ಅಂಗಿಯ ಗಿರಾಕಿಯೊಬ್ಬರು ಆ ದೊಡ್ಡ ಲ್ಯಾಪ್‌ಟಾಪನ್ನೇ ಸವರುತ್ತಾ ನಿಂತಿದ್ದರು. ಅವರಿಗೆ ತಡೆಯಲಾಗಲಿಲ್ಲ. "ಅದು ಮಕ್ಕಳ ಆಟದ ಸಾಮಾನು ಮಾರಾಯ್ತಿ. ಅಲ್ಲ, ಬೀಡಿ ಕಟ್ಟುವವರಿಗೆ ಇದೆಲ್ಲ ಎಂತಕ್ಕೆ?"

"ನಿಮಗೆ ಎಂತಕ್ಕೆ?" ಎಂದಳು ಕುಸುಮ.

"ನನಗೆ... ಹೀಗೇ. ಮನೆಯಲ್ಲಿ ಒಂದು ಇರಲಿ ಅಂತ."

"ನನಗೆ ಕೆಲಸಕ್ಕೆ."

ಬಿಳಿ ಅಂಗಿಯವರು ಆಮೇಲೆ ಗೋಡೆಯ ಕ್ಯಾಲೆಂಡರನ್ನು ಬಹಳ ಗಮನವಿಟ್ಟು ಓದಿದರು.

ಬ್ಯಾಟರಿ ಮೂರು ಗಂಟೆ ಬರುತ್ತದೆ ಎಂದರು ವಹಾಬರು. ಕುಸುಮ ಬಾಯಿಮಾತಿಗೆ ಬೀಡಿ ಕೊಟ್ಟವಳಲ್ಲ. ಕನ್ನಡ ಹಾಕಿಸಿಕೊಂಡಳು, ವಯರು ಕೀಳಿಸಿದಳು, ಅಂಗಡಿಯ ನೆಲದ ಮೇಲೆ ಕಾಲು ಚಾಚಿ ಕೂತು ಮಾಸ್ಟ್ರ ಮೊದಲ ಪುಟ ಬಿಚ್ಚಿ ಹೊಡೆಯಲು ಶುರು ಮಾಡಿದಳು. ಬಂದವರು ಅವಳನ್ನು ದಾಟಿಕೊಂಡು ಹೋದರು, ಹೋದವರು ಇನ್ನಿಬ್ಬರನ್ನು ಕರೆತಂದರು. ಪರದೆ ಕಪ್ಪಾದಾಗ ಎದ್ದು ಗಡಿಯಾರ ನೋಡಿದಳು.

"ಎರಡು ಗಂಟೆ ಮೂವತ್ತೈದು ನಿಮಿಷ. ಇಪ್ಪತ್ತೈದು ನಿಮಿಷ ಸುಳ್ಳು. ಅದಕ್ಕೆ ಎಂತ ಕೊಡ್ತೀರಿ?"

ವಹಾಬರು ಗಡ್ಡ ಕೆರೆದುಕೊಂಡು ಒಂದು ಪೆನ್‌ಡ್ರೈವ್ ಕೊಟ್ಟರು. "ದಮ್ಮಾಮಿನಲ್ಲಿ ಅರಬಿಗಳು ಸಹ ನನ್ನನ್ನು ಹೀಗೆ ಹಿಂಡಲಿಲ್ಲ," ಎಂದರು.

ಮನೆಯಲ್ಲಿ ಹೊಸ ಕ್ರಮ ಶುರುವಾಯಿತು. ಬ್ಯಾಟರಿ ಇರುವ ತನಕ ತಡ್ಪೆಯಲ್ಲಿ ಕಂಪ್ಯೂಟರ್. ಅದು ಮುಗಿದಾಗ ಕಂಪ್ಯೂಟರ್ ಎದ್ದು ಎಲೆ, ಸೊಪ್ಪು ಒಳಗೆ. ಕರೆಂಟು ಬಂದು ಬ್ಯಾಟರಿ ತುಂಬಿದರೆ ಬೀಡಿ ಎದ್ದು ಕಂಪ್ಯೂಟರ್ ಒಳಗೆ. ಕೊನೆಕೊನೆಗೆ ತಡ್ಪೆಗೇ ಗೊಂದಲವಾಗಿ, ಬೀಡಿ ಕಟ್ಟುವಾಗ ಅದು ಟಕಟಕ ಸದ್ದು ಮಾಡುತ್ತಿತ್ತು ಎಂದು ಹೇಳುವವರಿದ್ದಾರೆ. ಸೋಮವಾರ ಸೋಮವಾರ ಹೊಡೆದ ಪುಟಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ ಡಬ್ಬಿಯಲ್ಲಿ ಇಡುತ್ತಿದ್ದಳು.

ಮಧ್ಯಾಹ್ನ ನೆರೆಯ ಜುಲೈಕಾ ತನ್ನ ತಡ್ಪೆ ಹಿಡಿದು ಬರುತ್ತಿದ್ದಳು. ಬೀಡಿ ಕಟ್ಟುವ ಕಡೆ ಒಬ್ಬಳು ಪೇಪರ್ ಓದುವುದು, ಉಳಿದವರು ಕೇಳುತ್ತಾ ಕಟ್ಟುವುದು ಆ ಭಾಗದ ರೂಢಿ. ಓದುವವಳ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟುತ್ತಾರೆ. ಜುಲೈಕಾಳ ಗಂಟಲು ಅದಕ್ಕೇ ಹುಟ್ಟಿದ್ದು. ಅವಳು ಬೆಳುವಾಯಿಯಲ್ಲಿ ಸಾವಿನ ಸುದ್ದಿ ಓದಿದರೆ ಸತ್ತವನ ಮನೆಯವರಿಗೆ ಬೆಳ್ತಂಗಡಿಯಲ್ಲಿ ಗೊತ್ತಾಗುತ್ತಿತ್ತು.

ಒಂದೇ ಒಂದು ಹೆದರಿಕೆ ಕುಸುಮಳಿಗೆ: ಹೊಗೆಸೊಪ್ಪಿನ ಹುಡಿ. ಕಂಪ್ಯೂಟರಿನ ಬದಿಯ ಗಾಳಿ ಕಿಂಡಿಯಿಂದ ಅದು ಒಳಗೆ ಹೋದರೆ? ಹಳೆಯ ಸೀರೆ ಹರಿದು ಕಿಂಡಿಗೆ ಎರಡು ಸುತ್ತು ಕಟ್ಟಿದಳು. ಹುಡಿ ನಿಂತಿತು. ಗಾಳಿಯೂ ನಿಂತಿತು. ಮೊದಲೇ ಬಾವಿಯ ಕಪ್ಪೆ ಕೊಡೆ ಹಿಡಿದು ಕೂರುವಂಥ ಬೇಸಗೆ. ಅದರೊಳಗೆ ಕಂಪ್ಯೂಟರಿನ ಹೊಟ್ಟೆ ದೋಸೆಕಲ್ಲಿನ ಹಾಗೆ ಕಾಯತೊಡಗಿತು.

ಬಿಸುವಿಗೆ ಎಂಟು ದಿನವಿರುವಾಗ, ಒಂದು ಸೋಮವಾರ, ಪುಟಗಳನ್ನು ಪೆನ್‌ಡ್ರೈವಿಗೆ ಹಾಕಿ ಕುಸುಮ ಬೀಡಿ ಕೊಡಲು ಬ್ರಾಂಚಿಗೆ ಹೋದಳು. ತಿರುಗಿ ಬಂದು ನೋಡಿದರೆ ಚಾಪೆಯ ಮೇಲೆ ಕಂಪ್ಯೂಟರ್ ಇಲ್ಲ.

"ಅಮ್ಮಾ, ಕಂಪ್ಯೂಟರ್ ಎಲ್ಲಿ?"

"ಮೂಲೆಯಲ್ಲಿ ಮಲಗಿಸಿದ್ದೇನೆ," ಎಂದಳು ನೀಲಾವತಿ ಸಮಾಧಾನದಿಂದ. "ಮುಟ್ಟಿದ್ರೆ ಕೆಂಡ! ಪಾಪ, ಒಣಗಿ ಒಡೆದು ಹೋಗ್ತದೆ ಅಂತ ಎಲೆಗೆ ಸುತ್ತುವ ಹಾಗೆ ಸುತ್ತಿಟ್ಟೆ."

ಬೀಡಿ ಎಲೆ ಬೇಸಗೆಯಲ್ಲಿ ಒಣಗದಿರಲೆಂದು ನೀರು ಚಿಮುಕಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡುವುದು ಐವತ್ತು ವರ್ಷದಿಂದ ನೀಲಾವತಿಯ ಕೈಗೆ ಬಂದ ಪಾಠ. ನೀರಿನ ಹಂಡೆಯ ಬದಿಯಲ್ಲಿ, ಒದ್ದೆ ಗೋಣಿಯೊಳಗೆ, ಹದಿನೈದು ಸಾವಿರದ ಕಂಪ್ಯೂಟರ್ ಮಗುವಿನಂತೆ ಮಲಗಿತ್ತು. ಎತ್ತಿದಾಗ ಬದಿಯಿಂದ ತೊಟ್ಟು ತೊಟ್ಟಾಗಿ ನೀರು ಸುರಿಯಿತು.

ಕುಸುಮ ಅಮ್ಮನ ಮುಖ ನೋಡಿದಳು. ಬೈದರೆ ಬೈಯಬಹುದಿತ್ತು. ಆದರೆ ಗಾಳಿ ಕಿಂಡಿಗೆ ಬಟ್ಟೆ ಕಟ್ಟಿದ್ದು ಯಾರು? "ಇನ್ನು ಜ್ವರ ಬಂದ್ರೆ ನನ್ನನ್ನು ಕರಿ ಅಮ್ಮ," ಎಂದಷ್ಟೇ ಹೇಳಿ, ಕಂಪ್ಯೂಟರನ್ನು ಸೆರಗಿನಲ್ಲಿ ಸುತ್ತಿಕೊಂಡು ಮೂಡಬಿದಿರೆಗೆ ಓಡಿದಳು.

ವಹಾಬರು ಬ್ಯಾಟರಿ ತೆಗೆದು, ಹಿಂಬದಿ ಬಿಚ್ಚಿ, ಒಳಗೆ ಇಣುಕಿ ತಲೆಯಾಡಿಸಿದರು. "ಕಂಪ್ಯೂಟರಿಗೆ ವೈರಸ್ ಬಂದದ್ದು ನೋಡಿದ್ದೇನೆ ಅಕ್ಕ, ಮಳೆಗಾಲ ಬಂದದ್ದು ಇದೇ ಮೊದಲು. ಮೂರು ದಿನ ಆನ್ ಮಾಡ್ಲೇಬಾರ್ದು. ಪೂರ್ತಿ ಒಣಗ್ಲಿ. ಮತ್ತೆ ಅಲ್ಲಾಹು ಇದ್ದಾನೆ."

ಮಳೆಗಾಲದಲ್ಲಿ ಬೀಡಿ ಮೆತ್ತಗಾಗದಂತೆ ಒಲೆಯ ಮೇಲೆ ತೂಗುಹಾಕುವ ಬಿದಿರಿನ ತಟ್ಟಿಯೊಂದು ಮನೆಯಲ್ಲಿತ್ತು. ಒಲೆಯಲ್ಲಿ ಬೂದಿ ಮುಚ್ಚಿದ ಕೆಂಡ ಇಟ್ಟು, ತಟ್ಟಿಯನ್ನು ಎತ್ತರಕ್ಕೆ ಕಟ್ಟಿ, ಅದರ ಮೇಲೆ ಕಂಪ್ಯೂಟರನ್ನು ಗುಡಾರದ ಹಾಗೆ ಕವುಚಿ ನಿಲ್ಲಿಸಿದಳು.

ಸುದ್ದಿ ಬ್ರಾಂಚಿಗೆ ತಲಪಲು ಒಂದು ದಿನ ಸಾಕಾಯಿತು. ಬುಧವಾರ ಹುಕ್ರಪ್ಪ ಜಗಲಿಯ ತುಂಬ ಕೇಳುವಂತೆ ಹೇಳಿದ: "ಕಂಪ್ಯೂಟರನ್ನು ನೆನೆಸಿಟ್ಟಿದ್ದಂತೆ! ಮೊಳಕೆ ಬಂತಾ ಕುಸುಮಾ?"

"ಬಂದ್ರೆ ನಿಮಗೂ ಒಂದು ಗಿಡ ಕೊಡ್ತೇನೆ," ಎಂದಳು. ಮನೆಗೆ ಬಂದು ತಡ್ಪೆ ಎಳೆದುಕೊಂಡಳು. ಕಂಪ್ಯೂಟರ್ ಒಣಗುವ ಮೂರು ದಿನ ಸುಮ್ಮನೆ ಕೂತು ಒಲೆ ನೋಡಿದರೆ ಬರುವುದೇನು? ಆ ಮೂರು ದಿನದಲ್ಲಿ ಅವಳು ಮುಂದಿನ ಸೋಮವಾರದ ತನಕ ಕೊಡಬೇಕಾದ ಬೀಡಿಯನ್ನೆಲ್ಲ ಕಟ್ಟಿ ಮುಗಿಸಿದಳು. ಕತ್ತರಿ ಬಿಸಿಯಾಗಿ ನೀಲಾವತಿ ಅದನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಲು ಬಂದಳು, ಮಗಳ ಮುಖ ನೋಡಿ ಹಿಂದೆ ಸರಿದಳು.

ಗುರುವಾರ ಸಂಜೆ ಬ್ಯಾಟರಿ ಹಾಕಿ ಒತ್ತಿದಳು. ಏನೂ ಇಲ್ಲ. ಮತ್ತೊಮ್ಮೆ ಒತ್ತಿದಳು. ಒಳಗೆ ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಸದ್ದು. ಪರದೆ ಬೆಳಗಿತು. ಎಡದ ಮೂಲೆಯಲ್ಲಿ ನೀರಿನ ಕಲೆಯೊಂದು ಉಳಿದಿತ್ತು, ಮತ್ತೆಲ್ಲ ಸರಿ. ಮನೆ ತುಂಬ ಹೊಗೆಯ ಪರಿಮಳ.

ಇನ್ನೂ ಎಪ್ಪತ್ತು ಪುಟ, ನಾಲ್ಕೇ ದಿನ. ಜುಲೈಕಾ ಬಂದು ಪೇಪರ್ ಬದಿಗಿಟ್ಟು ಮಾಸ್ಟ್ರ ಕಟ್ಟು ಎತ್ತಿಕೊಂಡಳು. "ಪುಟ ನೋಡಿ ಪರದೆ ನೋಡಿ ಹೊಡೆದ್ರೆ ಯಾವಾಗ ಮುಗೀತದೆ? ನಾನು ಓದ್ತೇನೆ, ನೀನು ಹೊಡಿ."

"ಆ ಅಕ್ಷರ ನಿನಗೆ ಓದ್ಲಿಕ್ಕೆ ಆಗ್ತದಾ?"

"ನನ್ನ ಗಂಡ ಸೌದಿಯಿಂದ ಬರೆಯುವ ಕಾಗದ ಹದಿನಾರು ವರ್ಷದಿಂದ ಓದ್ತಿದ್ದೇನೆ. ಇದು ಮುತ್ತಿನ ಹಾಗೆ ಉಂಟು."

ಸೋಮವಾರ ಬೆಳಿಗ್ಗೆ ಹನ್ನೊಂದು ಪುಟ ಬಾಕಿ. ಮರುದಿನವೇ ಬಿಸು. ಸಂಜೆಯೊಳಗೆ ಪ್ರೆಸ್ಸಿಗೆ ತಲಪಬೇಕು. ಬ್ರಾಂಚಿಗೂ ಬೀಡಿ ಅದೇ ದಿನ ಕೊಡಬೇಕು. ಬೆಳಿಗ್ಗೆಯೇ ಕರೆಂಟು ಹೋಯಿತು. ಪುಣ್ಯಕ್ಕೆ ಬ್ಯಾಟರಿ ತುಂಬಿತ್ತು. ಬ್ರಾಂಚಿನಲ್ಲಿ ಹುಕ್ರಪ್ಪ ಎಂದೂ ಎರಡು ಗಂಟೆಗಿಂತ ಕಡಿಮೆ ಕಾಯಿಸಿದವನಲ್ಲ. ಎರಡು ಗಂಟೆ! ಅಲ್ಲಿ ಕೂತು ನೊಣ ಹೊಡೆಯುವ ಹೊತ್ತು. ಕುಸುಮ ತಡ್ಪೆಯಲ್ಲಿ ಒಂದು ಬದಿಗೆ ಬೀಡಿಕಟ್ಟು, ಇನ್ನೊಂದು ಬದಿಗೆ ಕಂಪ್ಯೂಟರ್ ಇಟ್ಟು ಹೊರಟಳು. ಜುಲೈಕಾ ಪುಟಗಳೊಂದಿಗೆ ಹಿಂದೆ.

ಜಗಲಿಯಲ್ಲಿ ಹದಿನೆಂಟು ಹೆಂಗಸರ ಸರದಿ. ಕುಸುಮ ಗೋಡೆಗೆ ಒರಗಿ, ಕಾಲು ಚಾಚಿ, ತಡ್ಪೆ ಮಡಿಲಿಗೆ ಎಳೆದುಕೊಂಡಳು. ಬಿಸಿಲು ಪರದೆಯ ಮೇಲೆ ಬೀಳುತ್ತಿತ್ತು, ಒಬ್ಬಳು ಕೊಡೆ ಬಿಚ್ಚಿ ಹಿಡಿದಳು. ಜುಲೈಕಾಳ ಗಂಟಲು ಶುರುವಾಯಿತು. ಟಕಟಕ, ಟಕಟಕ.

ಹುಕ್ರಪ್ಪ ಕಿಟಕಿಯಿಂದ ತಲೆ ಹಾಕಿದ. "ಏ, ಇದು ಬ್ರಾಂಚು. ನಿಮ್ಮ ಆಫೀಸಲ್ಲ!"

"ಕಾಯುವವರು ಸುಮ್ಮನೆ ಕಾಯ್ಬೇಕು ಅಂತ ಬೋರ್ಡು ಎಲ್ಲುಂಟು?" ಎಂದಳು ಕುಸುಮ. ಬೆರಳು ನಿಲ್ಲಲಿಲ್ಲ.

"ಹಾಗಾದ್ರೆ ನಿನ್ನ ಬೀಡಿ ಮೊದಲು ತಾ. ಕೊಟ್ಟು ಹೊರಡು."

"ನನ್ನ ಮುಂದೆ ಹನ್ನೆರಡು ಜನ ಇದ್ದಾರೆ. ಇಪ್ಪತ್ತು ವರ್ಷ ಸರದಿ ತಪ್ಪಿಸಲಿಲ್ಲ, ಇವತ್ತು ಯಾಕೆ?"

ಜಗಲಿ ನಕ್ಕಿತು. ಹುಕ್ರಪ್ಪನಿಗೆ ರೋಷ ಬಂದು ಕೈ ಬೀಸಿ ಬೀಡಿ ನೋಡತೊಡಗಿದ. ಎರಡು ಗಂಟೆ ಎಳೆಯುವ ಸರದಿ ಆ ದಿನ ಬೇಗ ಬೇಗ ಓಡತೊಡಗಿತು. ಮೊದಲು ಆರು ಜನ ಎದ್ದು ಹೋಗಿ ಕೊಟ್ಟು ಬಂದರು, ಆದರೆ ಮನೆಗೆ ಹೋಗದೆ ತಿರುಗಿ ಬಂದು ಕೂತರು. ಮಾಸ್ಟ್ರ ಪುಸ್ತಕದಲ್ಲಿ ತಲೆನೋವು ಮುಗಿದು ಸೊಂಟನೋವು ಶುರುವಾಗಿತ್ತು. ದಿನವಿಡೀ ಕೂತು ದುಡಿಯುವ ಹೆಂಗಸರು ಅದನ್ನು ಬಿಟ್ಟು ಏಳುವುದುಂಟೇ? ಆಮೇಲೆ ಹುಕ್ರಪ್ಪ ಕರೆದ ಹೆಸರಿಗೆ ಯಾರೂ ಏಳಲಿಲ್ಲ. ಅವನು ಒಂದೊಂದೇ ಹೆಸರು ದಾಟಿಸುತ್ತಾ ಬಂದ.

ಪರದೆಯ ಮೂಲೆಯಲ್ಲಿ ಬ್ಯಾಟರಿಯ ಗುರುತು ಕೆಂಪಾಯಿತು. ಇನ್ನೂ ಒಂದು ಪುಟ.

"ಕುಸುಮಾ! ನಿನ್ನ ಸರದಿ!" ಹುಕ್ರಪ್ಪ ಬಾಗಿಲಿಗೇ ಬಂದ. "ಬರ್ತೀಯಾ, ಇಲ್ಲ ಕಾರ್ಡು ಕೊಡ್ತೀಯಾ?"

ಕುಸುಮ ಮೊದಲ ಸಲ ಬೆರಳು ನಿಲ್ಲಿಸಿ ತಲೆಯೆತ್ತಿದಳು. ಆ ಕಂದು ಬೆರಳುಗಳನ್ನೇ ಎತ್ತಿ ತೋರಿಸಿದಳು. "ಬೀಡಿ ಇಲ್ಲುಂಟು, ಒಂದೂ ಕಡಿಮೆ ಇಲ್ಲ. ಕಾರ್ಡು ನನ್ನದು, ಅದನ್ನು ಕೊಡುದಿಲ್ಲ. ಇನ್ನು ಒಂದು ಪುಟ ಉಂಟು ಹುಕ್ರಪ್ಪಣ್ಣ. ಇಪ್ಪತ್ತು ವರ್ಷ ಈ ಜಗಲಿಯಲ್ಲಿ ನಾನು ಕಾದಿದ್ದೇನೆ. ಇವತ್ತು ನೀವು ಹತ್ತು ನಿಮಿಷ ಕಾಯಿರಿ."

ಹದಿನೆಂಟು ಹೆಂಗಸರು ಹದಿನೆಂಟು ತಡ್ಪೆ ಹಿಡಿದು ಹುಕ್ರಪ್ಪನನ್ನೇ ನೋಡುತ್ತಿದ್ದರು. ಅವನು ಬಾಗಿಲ ಚೌಕಟ್ಟಿಗೆ ಒರಗಿದ.

"ಓದು ಜುಲೈಕಾ," ಎಂದಳು ಕುಸುಮ.

ಕೊನೆಯ ಪುಟ ಮಂಡಿನೋವಿನದ್ದು. ಜುಲೈಕಾ ಓದಿದಳು: ಯಾವ ಬೇಲಿಯ ಯಾವ ಸೊಪ್ಪು, ಎಷ್ಟು ಹೊತ್ತು ಅರೆಯಬೇಕು, ಯಾವ ಎಣ್ಣೆಯಲ್ಲಿ ಕಾಯಿಸಬೇಕು. ಹುಕ್ರಪ್ಪ ಮೂರು ವರ್ಷದಿಂದ ಎಡಮಂಡಿ ಹಿಡಿದುಕೊಂಡು ನಡೆಯುವವನು. ಅವನಿಗೆ ಗೊತ್ತಿಲ್ಲದ ಹಾಗೆಯೇ ಕತ್ತು ಮುಂದೆ ಬಂತು, ಕೈ ಮಂಡಿಗೆ ಹೋಯಿತು.

"ಆ ಸೊಪ್ಪು ಯಾವುದು ಅಂದಿ? ಇನ್ನೊಮ್ಮೆ ಓದು ಮಾರಾಯ್ತಿ."

ಕುಸುಮ ಕೊನೆಯ ಚುಕ್ಕಿ ಒತ್ತಿ, ಪೆನ್‌ಡ್ರೈವಿಗೆ ಹಾಕಿ, ಅದನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುವಷ್ಟರಲ್ಲಿ ಪರದೆ ಕಪ್ಪಾಯಿತು. ಬೀಡಿಕಟ್ಟುಗಳನ್ನು ಎತ್ತಿ ಹುಕ್ರಪ್ಪನ ಕೈಗೆ ಕೊಟ್ಟಳು.

"ಪುಸ್ತಕ ಬಂದ ಮೇಲೆ ಕೊಂಡು ಓದಿ," ಎಂದಳು.

ಮೂಡಬಿದಿರೆಯ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕುತ್ತಿತ್ತು. ಅವಳು ತಡ್ಪೆ ಕಂಕುಳಿಗೆ ಸಿಕ್ಕಿಸಿಕೊಂಡು ಓಡಿದಳು.